ಕಂದು ಪುಸ್ತಕ

ಈ ಬಂದರು ಕಚೇರಿಯಲ್ಲಿ ನನಗಿದು ಮೂವತ್ತೊಂದನೆಯ ಚಳಿಗಾಲ.
ಕಿಟಕಿಯಾಚೆ ಉತ್ತರ ಸಮುದ್ರ, ಈಚೆ ಕೆಮ್ಮುವ ಹೀಟರು,
ನಡುವೆ ನಾನು, ಎಲ್ಸ್‌ಪೆತ್ ಮೇರ್,
ಆದದ್ದನ್ನೆಲ್ಲ ಬರೆದಿಡುವ ಗುಮಾಸ್ತೆ.

ಮೊದಲು ಇದ್ದದ್ದು ಒಂದೇ ಪುಸ್ತಕ. ಕಂದು ರಟ್ಟು,
ಮೇಲೆ ಅಚ್ಚಾದ ಒಂದೇ ಮಾತು: ಅಕರೆನ್ಸ್.
ಬಡಪಾಯಿ ಪದ. ಯಾರ ತಪ್ಪೆಂದು ಕೇಳದು,
ನನ್ನನ್ನು ಮರೆಯಬೇಡಿ ಎಂದು ಗೋಗರೆಯದು.
ಮೆಟ್ಟಿಲ ಮೇಲೆ ಹಿಮಗಟ್ಟಿತ್ತು. ಬರೆದೆ.
ಬಂಗಡೆಯ ಎರಡು ಪೆಟ್ಟಿಗೆ ಲೆಕ್ಕಕ್ಕೆ ಸಿಗಲಿಲ್ಲ. ಬರೆದೆ.
ಪಾದ್ರಿಯ ನಾಯಿ ಈಜಿ ಬಂದು ಐಸ್ ಕಾರ್ಖಾನೆಯ ಬಾಗಿಲಲ್ಲಿ ಮಲಗಿತ್ತು.
ಅದನ್ನೂ ಬರೆದೆ.

ಈಗ ಅಬರ್ಡೀನಿನಿಂದ ಫಾರಂ ಬರುತ್ತದೆ.
ಪದಕ್ಕೊಂದು ಚೌಕ. ಒಂದಕ್ಕೆ ಮಾತ್ರ ಗುರುತು ಹಾಕಬೇಕು.

ಇನ್ಸಿಡೆಂಟ್ ಎಂದರೆ ಕೋಟಿನ ಗುಂಡಿಯನ್ನು
ಕೊರಳವರೆಗೂ ಹಾಕಿಕೊಂಡ ಮಾತು:
ಏನೋ ಆಗಿದೆ, ಸ್ವಲ್ಪ ದನಿ ತಗ್ಗಿಸಿ.
ಪಬ್ಬಿನಲ್ಲಿ ಗ್ಲಾಸು ಒಡೆದರೆ ಅದಲ್ಲ,
ಒಬ್ಬನ ತಲೆಯ ಮೇಲೆ ಒಡೆದರೆ ಅದೇ.
ಆಕ್ಸಿಡೆಂಟ್ ಎಲ್ಲರ ಕೈಗೂ ನೀರು ಹಾಕಿ ತೊಳೆಯುತ್ತದೆ,
ಟವೆಲನ್ನೂ ಅದೇ ಹಿಡಿದು ನಿಂತಿರುತ್ತದೆ.
ಇವೆಂಟಿಗೆ ಡೇರೆ ಬೇಕು, ಟಿಕೆಟ್ಟು ಬೇಕು,
ಆಗಸ್ಟಿನ ದೋಣಿ ಪಂದ್ಯವಿದೆಯಲ್ಲ, ಅಂಥದು.
ಅಕೇಶನ್ ಅಂದರೆ ಸಾಕು, ಅಕ್ಕನ ನೀಲಿ ಹ್ಯಾಟು
ಪೆಟ್ಟಿಗೆಯಿಂದ ತಾನಾಗಿ ಎದ್ದು ಬರುತ್ತದೆ.
ಎಪಿಸೋಡ್ ಡಾಕ್ಟರದು.
ಹೋದ ವರ್ಷ ಮೀನಿನಂಗಡಿಯಲ್ಲಿ ಕಣ್ಣು ಕತ್ತಲಿಟ್ಟು ಕುಸಿದೆನಲ್ಲ,
ಆಗ ಅವರಂದ ಮಾತು.
ಮುಂದಿನ ಕಂತು ಇದೆಯೆಂದು ಅವರು ಹೇಳಲಿಲ್ಲ, ಪದವೇ ಹೇಳಿತು.

ಮಂಗಳವಾರ ನಸುಕಿಗೆ ಡೋಡ್ ಕೌಯಿ ಹೋದ.
ವಿಂಚಿನ ತಂತಿ ಹರಿಯಿತು. ದೋಣಿ ಇನ್ನೂ ಬಂದರಿನ ಬಾಯಲ್ಲೇ ಇತ್ತು.
ಹತ್ತು ಗಂಟೆಯೊಳಗೆ ಮೂರು ಫೋನು.
ದೋಣಿಯ ಒಡೆಯ: ಇನ್ಸಿಡೆಂಟ್ ಅಂತಲೇ ಇರಲಿ, ಎಲ್ಸ್‌ಪೆತ್.
ವಿಮೆಯವನು: ತಂತಿ ಹಳತೆಂದು ಗೊತ್ತಿತ್ತಂತೆ,
ಗೊತ್ತಿದ್ದದ್ದು ಆಕ್ಸಿಡೆಂಟ್ ಹೇಗಾದೀತು ಮೇಡಂ?
ಮೂರನೆಯದು ಯಾವುದೋ ಪತ್ರಿಕೆಯ ಎಳೆ ದನಿ.
ಅವನ ಪದ ಟ್ರ್ಯಾಜಿಡಿ. ನನ್ನ ಫಾರಮಿನಲ್ಲಿ ಅದಕ್ಕೆ ಚೌಕವಿಲ್ಲ.

ಶಾಲೆಯಲ್ಲಿ ನಮಗೆ ಲ್ಯಾಟಿನ್ ಕಲಿಸಿದ ಮಿಸ್ ಗೆಡೆಸ್
ಸೀಮೆಸುಣ್ಣದಿಂದ ಬೇರು ಬಿಡಿಸಿ ತೋರಿಸಿದ್ದರು:
ಆಕ್ಸಿಡೆಂಟ್, ಇನ್ಸಿಡೆಂಟ್, ಅಕೇಶನ್,
ಮೂರೂ ಒಂದೇ ತಾಯ ಮಕ್ಕಳು,
ತಾಯ ಹೆಸರು ಬೀಳುವುದು.
ಆಗ ನಕ್ಕಿದ್ದೆವು.
ಬೀಳದ್ದು ಯಾವುದಿದೆ?
ಕನಸು ಬೀಳುತ್ತದೆ, ಮಾತು ಕಿವಿಗೆ ಬೀಳುತ್ತದೆ,
ಮನಸ್ಸಿಗೆ ಗಂಟು ಬೀಳುತ್ತದೆ, ಮನೆಗೆ ಬೀಗ ಬೀಳುತ್ತದೆ.
ಇವೆಂಟಿನ ಬೇರು ಬೇರೆ, ಅಂದಿದ್ದರು ಮಿಸ್ ಗೆಡೆಸ್.
ಅದು ಹೊರಗೆ ಬಂದದ್ದು.

ಡೋಡ್ ಬರಲಿಲ್ಲ. ಶುಕ್ರವಾರದವರೆಗೆ ಹುಡುಕಿದರು.

ಶನಿವಾರ ಅವನ ಹೆಂಡತಿ ನೆಟ್ಟಾ ಬಂದಳು,
ಅವನದೇ ಹಳದಿ ಜಾಕೆಟ್ಟು ತೊಟ್ಟು. ತೋಳು ಉದ್ದವಾಗಿತ್ತು.
ಏನಂತ ಬರೆದಿದ್ದೀಯ?
ಫಾರಂ ಖಾಲಿಯಿತ್ತು. ತೋರಿಸಲಿಲ್ಲ.
ಕೆಳಗಿನ ಡ್ರಾಯರಿನಿಂದ ಕಂದು ಪುಸ್ತಕ ತೆಗೆದೆ,
ಯಾರೂ ಕೇಳದಿದ್ದರೂ ನಾನು ಬರೆಯುತ್ತ ಬಂದಿರುವುದನ್ನು:

ಮಂಗಳವಾರ. ಆಗ್ನೇಯ ಗಾಳಿ. ಮಂಜು.
೫.೪೦ಕ್ಕೆ ತಂತಿ ಹರಿಯಿತು. ಡೋಡ್ ಬಿದ್ದ.

ಅವಳು ಬೆರಳಿಟ್ಟು ಓದಿದಳು, ಅಂಗಡಿ ಚೀಟಿ ಓದುವ ಹಾಗೆ.
ಆಮೇಲೆ ಬೆರಳು ಒಂದು ಸಾಲು ಮೇಲೆ ಹೋಯಿತು.

ಸೋಮವಾರ. ಕಚೇರಿಯೊಳಗೆ ಕಡಲಹಕ್ಕಿ ನುಗ್ಗಿತು.
ಡಿ. ಕೌಯಿ ಟೋಪಿ ಬೀಸಿ ಓಡಿಸಿದ.
ಬಿಸ್ಕತ್ತು ನಷ್ಟ: ನಾಲ್ಕು.

ಮೂರು ಹಕ್ಕಿ ತಿಂದದ್ದು, ಅಂದಳು ನೆಟ್ಟಾ.
ಒಂದು ಅವನ ಜೇಬಿನಲ್ಲಿತ್ತು. ರಾತ್ರಿ ನನಗೆ ಕೊಟ್ಟ.

ನಾನು ಪೆನ್ನು ತೆಗೆದು ನಾಲ್ಕನ್ನು ತಿದ್ದಿದೆ.