ಎಪ್ಪತ್ತೊಂದನೇ ನಿಮಿಷ

ಸಾನ್ ಎಲಿಯಾಸಿನ ಕ್ಲಬ್ ಕ್ಯಾಂಟೀನಿನಲ್ಲಿ ಭಾನುವಾರ ಸಂಜೆ
ಇಸ್ಪೀಟು ಮುಗಿದ ಮೇಲೆ
ಲೆಕ್ಕಕ್ಕೆ ಇಟ್ಟುಕೊಂಡಿದ್ದ ಕಡಲೆಕಾಳೆಲ್ಲ ಆಟಗಾರರಾಗುತ್ತವೆ.
ನಮ್ಮವರು ಹನ್ನೊಂದು ಕಾಳು,
ಎದುರಾಳಿಗಳು ಬಾಟಲಿ ಮುಚ್ಚಳ,
ಗೋಲ್‌ಕೀಪರಿನ ಹಿಂದೆ ಬಲೆಯ ಬದಲು
ನನ್ನದೇ ಪಾತ್ರೆ ಒರೆಸುವ ಬಟ್ಟೆ.

ಎಪ್ಪತ್ತನಾಲ್ಕರ ಫೈನಲ್ಲು. ಒಂದು ಸೊನ್ನೆ. ನಾವೇ ಮುಂದೆ.
ಡಾನ್ ಎವಾರಿಸ್ಟೋ ಬೆಂಚಿನಿಂದ ಎದ್ದ,
ಟೋಪಿ ತೆಗೆದ, ಮತ್ತೆ ಹಾಕಿಕೊಂಡ,
ಬಲಬದಿಯಲ್ಲಿ ಹಾವಿನಂತೆ ಹರಿದಾಡುತ್ತಿದ್ದ
ಏಳನೇ ನಂಬರಿನ ಕಾಸಿಯಾನೋನನ್ನು ಹೊರಗೆ ಕರೆದು
ಮರದ ಕೊರಡಿನಂಥ ಒಬ್ಬ ಡಿಫೆಂಡರನ್ನು ಒಳಗೆ ಬಿಟ್ಟ.

ಇಲ್ಲಿಗೆ ಬಂದಾಗ ಕ್ಷೌರದ ಒನೋಫ್ರೆ
ಪ್ರತಿ ಸಲವೂ ಆ ಕಾಳನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಾನೆ.
ಕಟ್ಟಿಸಿದ ಹಲ್ಲು. ಕಟಂ ಅನ್ನುತ್ತದೆ.
“ಹೀಗೆ ತಿಂದ, ನೋಡ್ರಪ್ಪ, ನಮ್ಮ ಕಪ್ಪನ್ನ.”

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರುಂಟು;
ಇವನು ಸೂರೆಗೆ ಮೊದಲೇ ಹಾಕಿದ, ಕೀಲಿಕೈ ಹೊರಗೇ ಬಿಟ್ಟ.
ಎಂಬತ್ತರಲ್ಲಿ ಒಂದು, ಎಂಬತ್ತೆಂಟರಲ್ಲಿ ಇನ್ನೊಂದು.
ಮುಗಿಯಿತು.

“ಗಾಳಿ?” ಅನ್ನುತ್ತಾಳೆ ನೀಡಿಯಾ ಟೀಚರು.
“ಎರಡನೇ ಹಾಫಲ್ಲಿ ನದಿ ಕಡೆಯಿಂದ ಎದುರುಗಾಳಿ,
ಒದ್ದ ಚೆಂಡು ಒದ್ದವರಿಗೇ ವಾಪಸು,
ನಿಮ್ಮ ಕಾಸಿಯಾನೋ ಏನು ಗಾಳಿಪಟವೇ?”
ಬಸ್ಸಿನ ತೆಲ್ಮೋ ಮೇಜು ಗುದ್ದುತ್ತಾನೆ, ಇಡೀ ತಂಡ ನೆಗೆಯುತ್ತದೆ:
“ಮೂರನೇ ಡಿವಿಜನ್ನಿನ ಕೆಸರಲ್ಲಿ ಹೂತಿದ್ದವರನ್ನ
ಆ ಫೈನಲ್ಲಿನ ತನಕ ಹೊತ್ತು ತಂದದ್ದು ಯಾರು? ನಿಮ್ಮಪ್ಪನಾ?”
“ನಮ್ಮಪ್ಪ ಆಗಿದ್ದರೆ ಏಳನೇ ನಂಬರು ಆಟದಲ್ಲೇ ಇರ್ತಿದ್ದ!”
ಎತ್ತು ಏರಿಗೆ, ಕೋಣ ನೀರಿಗೆ.
ಸೋರೆಬುರುಡೆಯ ಮಾಟೆ ಮಾತ್ರ ಜಗಳವಾಡದೆ
ಒಬ್ಬರ ಕೈಯಿಂದ ಒಬ್ಬರ ಕೈಗೆ,
ಒಂದೇ ಕೊಳವೆ ಎಲ್ಲರ ಬಾಯಿಗೆ.

ಈ ಸಲ ಜಗಳಕ್ಕೆ ಒಂದು ನೆಪವೂ ಇದೆ.
ಪೂರ್ವದ ಗ್ಯಾಲರಿಗೆ ಅವನ ಹೆಸರು ಇಡಬೇಕೋ ಬೇಡವೋ.
ಸತ್ತು ಎರಡು ತಿಂಗಳಾಯಿತು.

ಸೋತ ಮೇಲೆ ಅವನು ಊರು ಬಿಡಲಿಲ್ಲ, ಅದೇ ಸೋಜಿಗ.
ಮಾಂಸದ ಫ್ಯಾಕ್ಟರಿಯ ಗೇಟಿನೆದುರು ಕಬ್ಬಿಣದ ಅಂಗಡಿ ತೆರೆದ.
ಇಪ್ಪತ್ತಾರು ವರ್ಷ
ಇದೇ ಒನೋಫ್ರೆ ಅಲ್ಲಿಂದಲೇ ಮೊಳೆ ತಂದ, ತಿರುಪು ತಂದ,
ಕುರ್ಚಿಗೆ ಹೊಡೆಯಲು ಬಣ್ಣ ತಂದ.
“ಎಷ್ಟಿಂಚಿನದು?” “ಎರಡು.” “ಇನ್ನೇನು?” “ಮತ್ತೇನಿಲ್ಲ.”
ಮತ್ತೇನಿಲ್ಲ ಅಂದು ಬಾಗಿಲ ತನಕ ಬಂದು
ಒಂದು ಗಳಿಗೆ ನಿಂತು
ಹೊರಟುಬಿಡುತ್ತಿದ್ದರಂತೆ, ಎಲ್ಲರೂ.
ಒಬ್ಬರಾದರೂ ಕೇಳಬಾರದಿತ್ತೆ?

ನಾನೂ ಕೇಳಲಿಲ್ಲ.
ನನ್ನ ಹತ್ತಿರ ಬೇರೆ ಪ್ರಶ್ನೆಯಿತ್ತು.

ಆಗ ಕ್ಲಬ್ಬಿನ ಬಟ್ಟೆ ಒಗೆಯುತ್ತಿದ್ದವಳು ನನ್ನಮ್ಮ.
ಫೈನಲ್ಲಿನ ಮಾರನೇ ದಿನ ಮೂಟೆ ಬಿಚ್ಚಿದಾಗ
ಹನ್ನೊಂದು ವರ್ಷದ ನಾನು ಪಕ್ಕದಲ್ಲೇ ಇದ್ದೆ.
ಒಂದು ಕಾಲುಚೀಲ ರಕ್ತಕ್ಕೆ ಅಂಟಿ ಹಪ್ಪಳದಂತೆ ಸೆಟೆದಿತ್ತು.
ಅಮ್ಮ ಅದನ್ನು ಬೇರೆ ಬಕೆಟ್ಟಿನಲ್ಲಿ ತಣ್ಣೀರಿಗೆ ಹಾಕಿ
ಉಪ್ಪು ಸುರಿದಳು.
ಅಂಗಿಗೆ ನಂಬರಿರುತ್ತದೆ, ಚಡ್ಡಿಗೂ ಇರುತ್ತದೆ.
ಕಾಲುಚೀಲಕ್ಕೆ ಇರುವುದಿಲ್ಲ.

ಕಾಸಿಯಾನೋನದಾಗಿರಬಹುದು.
“ಆಗುತ್ತಿಲ್ಲ, ತೆಗೆದುಬಿಡಿ” ಅಂತ ಅವನೇ ಬೇಡಿರಬಹುದು,
ಮುದುಕ ಆ ಮಾತನ್ನು ಮೊಳೆಯ ಡಬ್ಬಿಗಳ ನಡುವೆ
ಕೊನೆವರೆಗೂ ಮುಚ್ಚಿಟ್ಟಿರಬಹುದು.
ಗೋಲ್‌ಕೀಪರಿನದೂ ಆಗಿರಬಹುದು.
ಕಾಸಿಯಾನೋ ಸಮುದ್ರದಾಚೆ ಎಲ್ಲೋ ತೀರಿಕೊಂಡ.
ಅಮ್ಮ, “ಯಾವ ಕಾಲುಚೀಲವೇ?” ಅಂದಳು, ಕೊನೆಗಾಲದಲ್ಲಿ.

ಹೇಳಲೇನು ಇವರಿಗೆ?
ಎರಡು ಸಲ ಬಾಯಿ ತೆರೆದಿದ್ದೆ.
ಮೊದಲ ಸಲ ತೆಲ್ಮೋ ಇನ್ನೊಂದು ಬಿಯರು ಕೇಳಿದ.
ಎರಡನೇ ಸಲ ಯಾರೂ ಏನೂ ಕೇಳಲಿಲ್ಲ,
ಎಲ್ಲರೂ ನನ್ನನ್ನೇ ನೋಡಿದರು,
ನಾನು, “ಅಂಗಡಿ ಮುಚ್ಚೋ ಹೊತ್ತಾಯ್ತು” ಅಂದೆ.

ಮತ ಹಾಕಿ ಹೋಗಿದ್ದಾರೆ, ಚೀಟಿಗಳು ಸಕ್ಕರೆ ಡಬ್ಬಿಯಲ್ಲಿವೆ.
ನಾಳೆ ಎಣಿಸುತ್ತಾರೆ.
ಮೇಜು ಒರೆಸುವಾಗ ಎಣಿಸಿದೆ ನಾನು:
ಹತ್ತೇ ಕಾಳು.
ಬರುವ ಭಾನುವಾರಕ್ಕೆ ಒಂದು
ಅಡುಗೆಮನೆಯಿಂದ ತಂದು ಸೇರಿಸಬೇಕು,
ಮರೆಯದೆ.
ಒನೋಫ್ರೆಯ ಹಲ್ಲು ನೆನೆದು, ಸ್ವಲ್ಪ ಮೆತ್ತಗಿನದು.