ಇಪ್ಪತ್ತು ಕಿಲೋ

ಗೇಟಿನ ತಕ್ಕಡಿಗೆ ನನ್ನ ಗುರುತಿದೆ.
ಇಪ್ಪತ್ತು ಕಿಲೋ, ಸರಿ, ನಡಿ, ಅನ್ನುತ್ತಾರೆ;
ನನ್ನ ಸ್ವೆಟರು, ನನ್ನ ಹಿಟ್ಟು ಆ ಲೆಕ್ಕಕ್ಕಿಲ್ಲ.
ಹನ್ನೊಂದು ವರ್ಷ ಕಿಲಿಮಂಜಾರೋ ಹತ್ತಿದ್ದೇನೆ
ಕಂಡವರ ಹಾಸಿಗೆ, ಕಂಡವರ ಮಡಿಚುವ ಕುರ್ಚಿ,
ಒಮ್ಮೆ ಒಬ್ಬ ದೊರೆಸಾನಿಯ ಕಮೋಡು ಹೊತ್ತು.
ತುದಿ ಮುಟ್ಟಿದ್ದು ಎರಡೇ ಸಲ.
ಹೊರೆಯವರಿಗೆ ಅಲ್ಲೇನು ಕೆಲಸ?

ಈ ಸಲ ಕೆಳಕ್ಕೆ.

ನವೆಂಬರಿನಲ್ಲಿ ಬೆಟ್ಟಕ್ಕೆ ಜನ ಕಮ್ಮಿ.
ಸಕ್ಕರೆ ಪೊಟ್ಟಣದ ಕಾಗದ ಬಿಡಿಸಿ ಬರೆದೆ:
ಮೋಶಿಯಿಂದ ಟಾಂಗಾ, ಬಸ್ಸು, ಕಿಟಕಿ ಪಕ್ಕ ಕೇಳಬೇಕು.
ಟಾಂಗಾದಿಂದ ಪೆಂಬಾ, ಹಡಗು. ಯಾವ ದಿನ ಹೊರಡುತ್ತದೆ
ಎಂದು ಮೂವರನ್ನು ಕೇಳಿದೆ, ನಾಲ್ಕು ದಿನ ಹೇಳಿದರು.
ದಕ್ಕೆಯಲ್ಲಿ ಮಕಾಮೆ ನಿಂತಿರುತ್ತಾನೆ.
ಹೊಟ್ಟೆ ತೊಳಸಿದರೆ ಶುಂಠಿ.

ಮಕಾಮೆ ಅಂದರೆ,
ಹೋದ ವರ್ಷ ನಾಲ್ಕು ಸಾವಿರ ಮೀಟರಿನಲ್ಲಿ
ಬಂಡೆಗೊರಗಿ ಕುಳಿತು, ನನ್ನನ್ನು ಅಮ್ಮಾ ಎಂದು ಕರೆದವನು.
ಸಮುದ್ರದ ಮನುಷ್ಯ. ಮೂವತ್ತು ಮೀಟರು ಕೆಳಗೆ
ಮೀನುಗಳನ್ನು ಹೆಸರು ಹಿಡಿದು ಕರೆಯುತ್ತಾನಂತೆ;
ಮೇಲೆ ಬಂದು ತನ್ನ ಹೆಸರೇ ಮರೆತಿದ್ದ.
ಅವನ ಚೀಲ ನನ್ನ ಎದೆಗೆ, ನನ್ನ ಹೊರೆ ತಲೆಗೆ,
ಅವನ ಕೈ ನನ್ನ ಬೆಲ್ಟಿಗೆ.
ಪೋಲೆ ಪೋಲೆ, ಅಂದೆ, ನಿಧಾನ, ನಿಧಾನ,
ರಾತ್ರಿಯಿಡೀ ಇಳಿದೆವು.
ಬೆಳಗಿನ ಚಹಾದ ಹೊತ್ತಿಗೆ ಬುದ್ಧಿ ಮರಳಿತು.
"ಒಂದು ಸಲ ನಮ್ಮ ಕಡೆ ಬಾ ಐಕಂಡೆ.
ನಿನ್ನನ್ನು ಇಳಿಸುವುದು ನನ್ನ ಪಾಳಿ."

ಅತ್ತೆ ಎಲಿಫುರಾಹಾ ಬಾಳೆಗೊನೆ ಇಳಿಸಿ, ಸೊಂಟಕ್ಕೆ ಕೈಯಿಟ್ಟು:
"ಸಾಲದಲ್ಲಿ ಮುಳುಗಿದವರನ್ನು ಕಂಡಿದ್ದೇನೆ,
ಬಾಳೆ ಬಿಯರಿನಲ್ಲಿ ಮುಳುಗಿದವನನ್ನು ಕಟ್ಟಿಕೊಂಡಿದ್ದೆ.
ದುಡ್ಡು ಕೊಟ್ಟು ಮುಳುಗುವವಳು ನೀನೇ ಮೊದಲು."

ಫೋನಿಗೆ ಫಾರಂ ಬಂದಿದೆ.
ಕಿವಿ ಸೋರುತ್ತದೆಯೇ? ಉಬ್ಬಸ? ಗರ್ಭಿಣಿಯೇ?
ಇಲ್ಲ, ಇಲ್ಲ, ಇಲ್ಲ.
ಈಜು ಬರುತ್ತದೆಯೇ?
ನಮ್ಮ ಹೊಳೆಯ ನೀರು ಮಂಡಿಯವರೆಗೆ,
ಚಳಿಗೆ ಅಲ್ಲಿಂದ ಮೇಲೆ ಯಾರೂ ತೋಯಿಸಿಲ್ಲ.
ಬೆರಳು ಆ ಪ್ರಶ್ನೆಯ ಮೇಲೆ ಎರಡು ದಿನ ಕೂತಿತು.
ಇಲ್ಲ, ಎಂದು ಒತ್ತಿ ಕಳಿಸಿದೆ.
ಮಕಾಮೆ ನಕ್ಕ. ಮೊದಲ ದಿನ ಎದೆಮಟ್ಟದ ನೀರು,
ಆಮೇಲೂ ಮೂರಾಳುದ್ದ ಸಾಕು, ಕೈ ಬಿಡುವುದಿಲ್ಲ.
ಒಂದೇ ನಿಯಮ, ಉಸಿರು ಕಟ್ಟಬೇಡ.

ಉಸಿರು ಕಟ್ಟಬೇಡ.
ಇದನ್ನೇ ನಾನು ಎಷ್ಟು ಜನಕ್ಕೆ ಹೇಳಿದ್ದೇನೆ,
ಎಷ್ಟು ಭಾಷೆಯಲ್ಲಿ, ತಪ್ಪು ತಪ್ಪಾಗಿ.

ಮೇಲೇಳುವುದೂ ಪೋಲೆ ಪೋಲೆ,
ನಾವೇ ಬಿಟ್ಟ ಗುಳ್ಳೆಗಿಂತ ನಿಧಾನ.
ಎದ್ದ ಮೇಲೆ ಒಂದು ಹಗಲು, ಒಂದು ರಾತ್ರಿ
ಬೆಟ್ಟದ ಕಡೆ ತಲೆ ಹಾಕಬಾರದಂತೆ;
ರಕ್ತದಲ್ಲಿ ಕೂತ ಸಮುದ್ರ ಇಳಿಯಬೇಕಂತೆ.
ಹಾಗಾದರೆ ಸೋಮವಾರದ ತಂಡ ತಪ್ಪಿತು.
ಆ ಹೊರೆಯ ಕೂಲಿಯನ್ನೂ ಬರೆದುಕೊಂಡೆ, ಖರ್ಚಿನ ಕೆಳಗೆ.

ಅರ್ಥವಾಗದ್ದು ಒಂದು.
ಟ್ಯಾಂಕು ನೆಲದ ಮೇಲೆ ಹದಿನಾಲ್ಕು ಕಿಲೋ,
ನೀರಿಗಿಳಿದರೆ ಇಲ್ಲವೇ ಇಲ್ಲ.
ಎಲ್ಲಿ ಹೋಗುತ್ತದೆ? ಯಾರು ಹೊರುತ್ತಾರೆ?
ಅದೂ ಸಾಲದೆಂದು ಸೊಂಟಕ್ಕೆ ಸೀಸ ಕಟ್ಟುತ್ತಾರಂತೆ,
ಇಲ್ಲದಿದ್ದರೆ ಮೈ ಕೆಳಗಿಳಿಯಲು ಒಪ್ಪುವುದಿಲ್ಲವಂತೆ.
ಈ ಮೈ!
ಹನ್ನೊಂದು ವರ್ಷ ಒಂದೊಂದು ಹೆಜ್ಜೆಗೂ ನೆಲಕ್ಕೆ ಎಳೆದ ಮೈ.

ರಾತ್ರಿ ಕತ್ತಿನ ಹಿಂದೆ ಕೈಯಿಟ್ಟು ನೋಡಿದೆ,
ಗಂಟುಗಟ್ಟಿದ ಆ ಜಾಗ.
ನೀರಿನೊಳಗೆ ಅದು ಏನೆಂದುಕೊಂಡೀತು?

ಚೀಲದಲ್ಲಿ ಟವೆಲು, ಕಂಗಾ ಎರಡು, ಶುಂಠಿ,
ಮಕಾಮೆಗೆ ನಮ್ಮ ಬೆಟ್ಟದ ಕಾಫಿಪುಡಿ.
ತಲೆಯ ಸಿಂಬಿ ತೆಗೆದು ಗೂಟಕ್ಕೆ ಹಾಕಿದೆ.
ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಚೀಲಕ್ಕೆ ತುರುಕಿದೆ.
ದಡದಿಂದ ದೋಣಿಯವರೆಗೆ ಆ ಟ್ಯಾಂಕುಗಳನ್ನು
ಯಾರೋ ಹೊರುತ್ತಿರಬೇಕಲ್ಲ.