ಮೂರನೆಯ ಗುಂಡಿ

ವಾಲ್ಪರೈಸೊದ ಗುಡ್ಡ ಹತ್ತಿಸುವ ಹಳಿಬಂಡಿಯ
ಕೆಳಗಿನ ಗೂಡಿನಲ್ಲಿ ಚೀಟಿ ಹರಿದು ಕೊಡುವವಳು ನಾನು, ಯಾಸ್ನಾ.
ಒಂದು ಡಬ್ಬಿ ಏರಿದರೆ ಇನ್ನೊಂದು ಇಳಿಯಲೇಬೇಕು,
ಒಂದೇ ಹಗ್ಗದ ಎರಡು ತುದಿ.
ಹದಿನೇಳು ವರ್ಷದಿಂದ ನೋಡುತ್ತಿದ್ದೇನೆ.
ನೋಡಿ ಕಲಿತದ್ದೇನೂ ಇಲ್ಲ.

ಐದು ವರ್ಷದ ಹಿಂದೆ ಹೊಟ್ಟೆ ಕೊಯ್ಸಿಕೊಂಡೆ.
ಉಳಿಸಿದ್ದು ಬಾಳೆಹಣ್ಣಿನಷ್ಟು ಚೀಲ.
ಎಪ್ಪತ್ತೆರಡು ಕಂತಿನ ಸಾಲ, ಹನ್ನೆರಡು ಬಾಕಿ.
ಹೋದದ್ದು ಐವತ್ತೆರಡು ಕಿಲೊ.
ನಿನ್ನೆಗೆ, ಮರಳಿದ್ದು ಹತ್ತೊಂಬತ್ತು:
ಬೀಳ್ಕೊಟ್ಟ ಖರ್ಚು ತೀರುವ ಮೊದಲೇ
ಗಂಟು ಸಮೇತ ವಾಪಸು ಬಂದ ನೆಂಟರು.

ಆಗ ಜನ ಕಿಟಕಿಗೆ ಬಗ್ಗಿ ನೋಡುತ್ತಿದ್ದರು,
'ಇಲ್ಲಿದ್ದವಳು ಎಲ್ಲಿ, ನೀನು ಅವಳ ತಂಗಿಯೇ?'
ನಗುತ್ತಿದ್ದೆ. ಅವಳನ್ನು ಯಾರೂ ಹುಡುಕಲಿಲ್ಲವಲ್ಲ ಎಂದು
ರಾತ್ರಿ ಒಮ್ಮೆ ಅತ್ತದ್ದೂ ಉಂಟು.
ಈಗ ಯಾರೂ ಏನೂ ಅನ್ನುವುದಿಲ್ಲ,
ಚಿಲ್ಲರೆ ಎಣಿಸುವ ನೆಪದಲ್ಲಿ ಕಣ್ಣು ತಗ್ಗಿಸುತ್ತಾರೆ.
ಬೈದಿದ್ದರೆ ವಾಸಿಯಿತ್ತು.

ಹೇಗೆ ಬಂತು? ಹಬ್ಬದೂಟ ಉಂಡು ಬಂದದ್ದಲ್ಲ.
ಬಂಡಿ ಮೇಲಿರುವ ಎರಡು ನಿಮಿಷದಲ್ಲಿ
ಸಂಜೆಯ ಬ್ರೆಡ್ಡಿನ ಗರಿಗರಿ ಮೂಲೆ.
ಅಮ್ಮ ಆಸ್ಪತ್ರೆಯಲ್ಲಿ ಸಾಯುತ್ತಿದ್ದ ಚಳಿಗಾಲ
ಓಣಿಯ ಯಂತ್ರದಿಂದ ಸಿಹಿ ಕಾಫಿ, ಮತ್ತೊಂದು, ಮತ್ತೊಂದು.
ಗಟ್ಟಿ ತುತ್ತನ್ನು ತಡೆದು ವಿಚಾರಿಸುವ ಚೀಲ
ನೀರಾಗಿ ಬಂದದ್ದನ್ನು ಕೇಳದೆ ಒಳಬಿಡುತ್ತದೆ.
ಹನಿ ಕೂಡಿ ಹಳ್ಳವಾಗುವುದು
ಹಳ್ಳಕ್ಕೂ ಗೊತ್ತಾಗುವುದಿಲ್ಲ.

ಡಾಕ್ಟರ್ ಬಾರ್ರಿಯೊಸ್ ಕಾಗದದ ಮೇಲೆ ಗೆರೆ ಎಳೆದ,
ಇಳಿದು ಇಳಿದು, ತಳ ಮುಟ್ಟಿ, ಕೊಂಕಿ ಮೇಲೆದ್ದ ಗೆರೆ.
'ಇದು ಬಹಳ ಜನಕ್ಕೆ ಆಗುತ್ತದೆ, ತಿಂಗಳಿಗೊಮ್ಮೆ ಬಾ.'
ಬಹಳ ಜನ ಎಂಬ ಊರಿನಲ್ಲಿ
ನನ್ನ ಗುರುತಿನವರು ಒಬ್ಬರೂ ಇಲ್ಲ.
ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಜುಲೈ. ಕಡಲ ಗಾಳಿ ಗೂಡಿನ ಸಂದಿಗಳನ್ನು ಬಲ್ಲದು.
ತೆಳ್ಳಗಿದ್ದಾಗ ಕೊಂಡ ಕೋಟಿನ ಎರಡು ಅಂಚು
ಜಗಳವಾಡಿದ ಓರಗಿತ್ತಿಯರ ಹಾಗೆ
ಎದೆಯ ಮೇಲೆ ಮುಖ ತಿರುಗಿಸಿಕೊಂಡವು.
ಭಾನುವಾರ ಹಳೆಬಟ್ಟೆಯ ಸಂತೆಗೆ ಹೋದೆ.

ಒರ್ಫೆಲಿನಾಳ ರಾಶಿಯಲ್ಲಿ ಕೈಯಾಡಿಸುವಾಗ
ದ್ರಾಕ್ಷಾರಸದ ಬಣ್ಣದ ತೋಳು.
ಎಳೆದೆ. ಮೂರನೆಯ ಗುಂಡಿ ಹಸಿರು ದಾರದಲ್ಲಿ:
ನನ್ನದೇ ಒರಟು ಹೊಲಿಗೆ.
ಇನ್ನು ಇದರ ಹಂಗಿಲ್ಲ ಎಂದು ಅಂದು
ಚರ್ಚಿನ ಪೆಟ್ಟಿಗೆಗೆ ಎಸೆದದ್ದು,
ಎಸೆದು, ಕೈ ಕೊಡವಿಕೊಂಡದ್ದು.
ಮೊಣಕೈ ಸವೆದಿದೆ, ನಾನು ಸವೆಸಿದ್ದಲ್ಲ.
ಅಂಚನ್ನು ಯಾರೋ ಅಂದವಾಗಿ ಮಡಿಸಿದ್ದಾರೆ.
ಜೇಬಿನಲ್ಲಿ ಮಗುವಿನ ಕೂದಲಿನ ಕ್ಲಿಪ್ಪು, ಮೀನಿನ ಆಕಾರದ್ದು.
ನಾನು ನಾಚಿ ಬಿಟ್ಟುಹೋದ ಮನೆಯಲ್ಲಿ
ಯಾರೋ ಬಾಳಿದ್ದಾರೆ, ಬೆಚ್ಚಗೆ.

'ನಾಲ್ಕು ಸಾವಿರ,' ಅಂದಳು ಒರ್ಫೆಲಿನಾ.
ನನ್ನದೇ ಇದು ಎನ್ನಲಿಲ್ಲ.
ಮೂರಕ್ಕೆ ತಂದೆ; ಇಳಿಸುವುದು ನನಗೆ ಬರುತ್ತದೆ,
ಅಲ್ಲೇ ನಿಲ್ಲಿಸುವುದೇ ಕಷ್ಟ. ಅವಳು ಮೂರೂವರೆ ಕಿತ್ತುಕೊಂಡಳು.

ಅಲ್ಲೇ, ಜನರ ನಡುವೆ, ತೊಟ್ಟುಕೊಂಡೆ.
ಸಡಿಲ.
ನಾನು ಹತ್ತೊಂಬತ್ತನ್ನೇ ಎಣಿಸುತ್ತಿದ್ದೆ ಇಷ್ಟು ದಿನ.
ಮಿಕ್ಕ ಮೂವತ್ತಮೂರು ಕಿಲೊಗಳ ಜಾಗದಲ್ಲಿ
ಗಾಳಿ ಸುಮ್ಮನೆ ಓಡಾಡಿತು.

ರಾತ್ರಿ ಗುಂಡಿಯನ್ನು ನಾಲ್ಕು ಬೆರಳು ಒಳಗೆ ಸರಿಸಿ ಹೊಲಿದೆ.
ಹಸಿರು ದಾರ ಮುಗಿದಿತ್ತು, ಕಪ್ಪಿನಲ್ಲಿ.
ಹಸಿರಿನ ತೂತುಗಳು ಅಲ್ಲೇ ಉಳಿದವು. ಇರಲಿ.

ಸೋಮವಾರ ಗೂಡಿನಿಂದಲೇ ಕ್ಲಿನಿಕ್ಕಿಗೆ ಫೋನು ಮಾಡಿದೆ.
ಹೆಸರು ಕೇಳಿದರು, ತೂಕ ಕೇಳಿದರು.
ಎರಡನ್ನೂ ಹೇಳಿದೆ, ಪಿಸುಗುಟ್ಟದೆ.
ಸಾಲಿನ ತುದಿಯ ಮುದುಕ ತಲೆಯೆತ್ತಿದ,
ಆಮೇಲೆ ಮುಂದೆ ಬಂದು ಚಿಲ್ಲರೆ ಚಾಚಿದ.
ಒಂದು ಚೀಟಿ, ಮೇಲಕ್ಕೆ.